ಹೆಸರು ಹಿಡಿದು ಕರೆಯುವವರು

ನಮ್ಮೆಜಮಾನರ ಹೆಸರನ್ನು ನಾನು ಬಾಯಲ್ಲಿ ಆಡುವವಳಲ್ಲ. ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಮದುವೆಯಾಗಿ ನಲವತ್ತಾರು ವರ್ಷ ಅದನ್ನು ಪಾಲಿಸಿದೆ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವಳನ್ನು ತಿವಿದು ಅವಳ ಬಾಯಲ್ಲಿ ಹೇಳಿಸುತ್ತಿದ್ದೆ. ಒಮ್ಮೆ ರಸೆಲ್ ಮಾರುಕಟ್ಟೆಯ ಜನಜಂಗುಳಿಯಲ್ಲಿ ಅವರು ತಪ್ಪಿಸಿಕೊಂಡಾಗ “ರೀ... ರೀ...” ಎಂದು ಕೂಗಿದೆ. ಊರವರ ಗಂಡಂದಿರೆಲ್ಲ ತಿರುಗಿ ನೋಡಿದರು, ನಮ್ಮೆಜಮಾನರೊಬ್ಬರನ್ನು ಬಿಟ್ಟು. ಆ ಹೆಸರಿನಲ್ಲಿ ಬಯಲು ಇದೆ, ಅಷ್ಟು ಹೇಳಬಲ್ಲೆ. ಪೂರ್ತಿ ಬೇಕಾದವರು ನಾಗವಾರಪಾಳ್ಯಕ್ಕೆ ಬಂದು ನಮ್ಮ ಗೇಟಿನ ಬೋರ್ಡು ಓದಿಕೊಳ್ಳಬಹುದು.

ಮೇಲಿನ ಮನೆಗೆ ಜರ್ಮನಿಯ ಗಂಡಹೆಂಡತಿ ಬಾಡಿಗೆಗೆ ಬಂದು ಎರಡು ವರ್ಷವಾಯಿತು. ಗಂಡ ಕೊನ್ರಾಡ್ ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿಗೆ ಹೋಗುತ್ತಾನೆ. ಕರಾರು ಪತ್ರದಲ್ಲಿ ಮನೆಹೆಸರು ಫೆಲ್ಡ್‌ಮನ್ ಎಂದಿರುವುದರಿಂದ ನಮ್ಮೆಜಮಾನರು ಅವನನ್ನು ಹಾಗೆಯೇ ಕರೆಯುತ್ತಾರೆ. ಹೆಂಡತಿ ಹೈಕೆ ಮನೆಯಲ್ಲಿ ಕೂತು ಹೆಸರುಗಳ ಮೇಲೆ ಪುಸ್ತಕ ಬರೆಯುತ್ತಾಳೆ. ಇದೂ ಒಂದು ಕೆಲಸವೇ ಎಂದು ನಾನು ನಕ್ಕಿದ್ದೆ.

ಅವಳು ಕನ್ನಡ ಕಲಿತದ್ದು ನನ್ನ ಅಡುಗೆಮನೆಯಲ್ಲಿ, ಅವರೆಕಾಯಿ ಸುಲಿಯುತ್ತಾ. ಅವಳ ದೇಶದಲ್ಲಿ ಮ್ಯೂಲರ್ ಎಂದರೆ ಹಿಟ್ಟಿನ ಗಿರಣಿಯವನು, ಶ್ಮಿಟ್ ಎಂದರೆ ಕಮ್ಮಾರ, ಶ್ನೈಡರ್ ಎಂದರೆ ದರ್ಜಿ. ಗಿರಣಿ ಬಿದ್ದುಹೋಗಿ ಮುನ್ನೂರು ವರ್ಷವಾದರೂ ಹೆಸರು ಮಾತ್ರ ಮರಿಮಕ್ಕಳವರೆಗೆ ನಡೆದು ಬರುತ್ತದಂತೆ. ಕೊನ್ರಾಡ್ ಎಂದರೆ ಧೈರ್ಯವಾಗಿ ಬುದ್ಧಿ ಹೇಳುವವನು.

“ಜಿರಲೆ ಕಂಡ್ರೆ ಮಂಚ ಹತ್ತುತ್ತಾನೆ, ಆಂಟಿ,” ಎಂದು ನಕ್ಕಳು. ಹೈಕೆ ಎಂದರೆ ಮನೆಯನ್ನು ಆಳುವವಳಂತೆ.

“ಹಂಗಾದ್ರೆ ಈ ಮನೆಗೆ ಓನರಮ್ಮ ನಾನೋ, ನೀನೋ?” ಎಂದೆ.

ಆದರೆ ಸಂಜೆ ಗೇಟು ಸದ್ದಾದ ಕೂಡಲೇ ಅವಳು ಬಾಲ್ಕನಿಯಿಂದ “ಕೊನ್ರಾಡ್!” ಎಂದು ಬಾಯಿ ತುಂಬ ಕೂಗುತ್ತಿದ್ದಳಲ್ಲ, ಆಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವನು ತಲೆಯೆತ್ತಿ ನಗುತ್ತಿದ್ದ. ಅವನ ಆಯಸ್ಸಿಗೇನೂ ಆದಂತೆ ಕಾಣಲಿಲ್ಲ, ದಿನದಿನಕ್ಕೆ ದಪ್ಪವಾಗುತ್ತಿದ್ದ.

ನಮ್ಮೆಜಮಾನರನ್ನು ಹಾಗೆ ಹೆಸರು ಹಿಡಿದು ಕರೆಯಲು ಉಳಿದಿದ್ದವಳು ಅವರಕ್ಕ ಮುನಿಗಂಗಮ್ಮ ಒಬ್ಬಳೇ. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಪ್ರತಿ ಶುಕ್ರವಾರ ಕೆ.ಆರ್. ಪುರದಿಂದ ಬಸ್ಸಿನಲ್ಲಿ ಬಂದು, ಗೇಟಿನ ಹತ್ತಿರವೇ ನಿಂತು, ಬೀದಿಗೆಲ್ಲ ಕೇಳುವಂತೆ ತಮ್ಮನ ಹೆಸರು ಕೂಗುವಳು. ರಾಗಿ ಹೊಲದ ಆಚೆ ಬದುವಿನಲ್ಲಿ ಅವರಿದ್ದಾರೇನೋ ಎಂಬಂತೆ ಉದ್ದಕ್ಕೆ ಎಳೆಯುವಳು. ಹೊಲ ಹೋಗಿ ಅಲ್ಲಿ ಹದಿನಾಲ್ಕು ಮಹಡಿ ಎದ್ದು ನಿಂತಿರುವುದು ಅವಳ ಗಂಟಲಿಗೆ ಗೊತ್ತೇ ಇರಲಿಲ್ಲ. ಎಪ್ಪತ್ತು ದಾಟಿದ ಗಂಡಸು “ಬಂದೇ ಅಕ್ಕಾ!” ಎಂದು ಚಪ್ಪಲಿಯನ್ನೂ ಮೆಟ್ಟದೆ ಓಡುವರು.

ಈ ಸಂಕ್ರಾಂತಿ ಕಳೆದ ಮೇಲೆ ಮುನಿಗಂಗಮ್ಮ ತೀರಿಕೊಂಡಳು. ತಿಥಿ ಮುಗಿಸಿ ಬಂದ ದಿನ ಅವರು ಜಗಲಿಯ ಮೇಲೆ ಕೂತು ಹೇಳಿದರು.

“ಆಂಜನಮ್ಮ, ನನ್ನ ಹೆಸ್ರು ಕರೆಯೋರು ಇನ್ನ್ಯಾರೂ ಇಲ್ಲ ಕಣೆ. ಮಕ್ಳು ಅಪ್ಪ ಅಂತಾರೆ, ಮೊಮ್ಮಕ್ಳು ತಾತ ಅಂತಾರೆ, ಬಾಡಿಗೆಯೋರು ಓನರ್ ಅಂತಾರೆ. ಬ್ಯಾಂಕಲ್ಲೂ ಟೋಕನ್ ನಂಬರೇ ಕೂಗ್ತಾರೆ. ನೀನೊಂದ್ಸಲ ಕರಿ.”

“ಬಿಡ್ತು ಅನ್ನಿ,” ಎಂದು ಎದ್ದು ಒಳಗೆ ಹೋದೆ.

ಅವರು ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಶುಕ್ರವಾರ ಬಂದರೆ ಗೇಟಿನ ಕಡೆ ಮುಖ ಮಾಡಿ ಕೂರುವರು, ತಟ್ಟೆ ಹಾಕಿದರೂ ಏಳುತ್ತಿರಲಿಲ್ಲ. ಕರೆಯಬೇಕೆಂಬ ಆಸೆ ನನಗಿರಲಿಲ್ಲವೇ? ಮದುವೆಯಾದ ಹೊಸತರಿಂದಲೂ ಇತ್ತು. ಆದರೆ ನಾನು ಕರೆದು, ನಾಳೆ ಅವರಿಗೆ ಏನಾದರೂ ಆಗಿಬಿಟ್ಟರೆ?

ಹೈಕೆಗೆ ಎಲ್ಲ ಹೇಳಿ, ಬೋರ್ಡಿನ ಮೇಲಿದ್ದ ಹೆಸರನ್ನು ಬೆರಳಿನಿಂದ ತೋರಿಸಿ, ಬಯಲು ಎಂದರೆ ಏನೆಂದು ವಿವರಿಸಿದೆ. ಅವಳ ಮುಖ ಅರಳಿತು.

“ಆಂಟಿ, ಫೆಲ್ಡ್ ಅಂದ್ರೆ ಹೊಲ, ಬಯಲು! ಅಲ್ಲಿ ಇರೋ ಮನುಷ್ಯ ಫೆಲ್ಡ್‌ಮನ್. ಅಂಕಲ್ ಹೆಸರು, ನಮ್ಮ ಹೆಸರು, ಎರಡೂ ಒಂದೇ!”

ದೇವರೇ ದಾರಿ ತೋರಿಸಿದ ಎಂದುಕೊಂಡೆ. ಅರ್ಥ ಅದೇ, ಆದರೆ ಹೆಸರು ಅದಲ್ಲ. ಯಮನಿಗೆ ಜರ್ಮನ್ ಬರುವುದಿಲ್ಲ. ಮೂರು ದಿನ ಪಾತ್ರೆ ತೊಳೆಯುತ್ತಾ ಅಭ್ಯಾಸ ಮಾಡಿದೆ. ಶುಕ್ರವಾರ ಸಂಜೆ ಕಾಫಿ ಲೋಟ ಹಿಡಿದು, ಜಗಲಿಯಲ್ಲಿ ಅವರ ಬೆನ್ನ ಹಿಂದೆ ನಿಂತೆ. ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿದೆ.

“ಫೆಲ್ಡ್‌ಮನ್...” ಎಂದೆ.

“ಅವ್ರಿನ್ನೂ ಆಫೀಸಿಂದ ಬಂದಿಲ್ಲ ಕಣೆ,” ಎಂದರು, ತಿರುಗಿ ಕೂಡ ನೋಡದೆ. ಕಾಫಿ ಕುಡಿದು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು.

ನನಗೆ ನಗುವೂ ಬಂತು, ಅಳುವೂ ಬಂತು. ಅರ್ಥವನ್ನು ಕಟ್ಟಿಕೊಂಡು ಏನು ಮಾಡುವುದು? ಮುನಿಗಂಗಮ್ಮ ಕೂಗುವಾಗ ಬಯಲನ್ನು ಯಾರು ನೆನೆಯುತ್ತಿದ್ದರು? ನನ್ನ ಮೇಲೇ ನನಗೆ ಸಿಟ್ಟು ಬಂತು. ಮನುಷ್ಯ ಬದುಕಿರುವಾಗಲೇ ಹೆಸರು ಸತ್ತುಹೋದರೆ, ಆ ಆಯಸ್ಸನ್ನು ನಾನು ಯಾರಿಗಾಗಿ ಕಾಯುತ್ತಿದ್ದೇನೆ?

ಸೆರಗು ಸಿಕ್ಕಿಸಿಕೊಂಡು ಅಂಗಳ ದಾಟಿ, ಮುನಿಗಂಗಮ್ಮ ನಿಲ್ಲುತ್ತಿದ್ದ ಜಾಗದಲ್ಲೇ, ಗೇಟಿನ ಹೊರಗೆ ಹೋಗಿ ನಿಂತೆ. ಕಡಿಮೆ ಮಾಡುವುದಾದರೆ ನನ್ನದರಲ್ಲಿ ಮಾಡಪ್ಪಾ ಎಂದು ದೇವರಿಗೆ ಕೈಮುಗಿದು, ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

“ಬೈಲಪ್ಪಾ...!”

ಮೇಲೆ ಬಾಲ್ಕನಿಯ ಬಾಗಿಲು ತೆರೆದ ಸದ್ದಾಯಿತು. ಹಿತ್ತಲಿನಲ್ಲಿ ಚೊಂಬು ಬಿತ್ತು.

“ಬಂದೇ ಅಕ್ಕಾ!”

ಬರಿಗಾಲಲ್ಲಿ, ಒದ್ದೆ ಪಾದಗಳಲ್ಲಿ ಓಡಿಬಂದರು. ಗೇಟಿನವರೆಗೆ ಬಂದು ನಿಂತು ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಗೇಟಿನ ಸರಳನ್ನು ಹಿಡಿದುಕೊಂಡರು.

“ಇನ್ನೊಂದ್ಸಲ,” ಎಂದರು.

ಕರೆದೆ.