ಮಲ್ಲಮ್ಮನವರ ಹನ್ನೊಂದು ಡಬ್ಬಿ

ಮಲ್ಲಮ್ಮನವರ ಹಣೆಗೆ ವಿಭೂತಿ ಹಚ್ಚುತ್ತಿರುವಾಗ ಬಾಗಿಲ ಬಳಿ ಸ್ಟೀಲ್ ಡಬ್ಬಿಗಳ ಸದ್ದು ಕೇಳಿಸಿತು. ಅದನ್ನು ಕೇಳಿ ಅವರ ಗಂಡ ವಿಶ್ವನಾಥಪ್ಪನವರು ನಕ್ಕರು. ಸಾವಿನ ಮನೆಯ ನಗುವನ್ನು ಹೊರಗೆ ಹೇಳುವುದು ಸರಿಯೋ ತಪ್ಪೋ ನನಗೆ ಇನ್ನೂ ಖಾತ್ರಿಯಿಲ್ಲ. ಹೇಳುವಷ್ಟು ಓದಿದವನೂ ನಾನಲ್ಲ. ತಪ್ಪೆನಿಸಿದರೆ ಓದಿದವರು ಮನ್ನಿಸಬೇಕು. ಆದರೆ ಆ ನಗುವನ್ನು ಬಿಟ್ಟರೆ ಮಲ್ಲಮ್ಮನವರ ವಿಷಯ ಅರ್ಧವೇ ಹೇಳಿದಂತಾಗುತ್ತದೆ.

ಅದು ೨೦೧೪ರ ಫೆಬ್ರವರಿ. ನಾಶಿಕದಲ್ಲಿ ಮಗ ರವಿಕಾಂತನ ಮನೆಯ ಪಡಸಾಲೆಯಲ್ಲಿ ಲಿಂಗಾಯತರ ಪದ್ಧತಿಯಂತೆ ಮಲ್ಲಮ್ಮನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊಸ ಸೀರೆ, ಕೊರಳಲ್ಲಿ ಚೆಂಡುಹೂವಿನ ಹಾರ. ಬಂದವರನ್ನು ಈಗ ಊಟವಾಯಿತೇ ಎಂದು ಕೇಳಿಬಿಡುತ್ತಾರೇನೋ ಎನ್ನುವ ಹಾಗಿತ್ತು ಮುಖ.

ಔರಂಗಾಬಾದಿನಿಂದ ಬೆಳಗಿನ ಐದರ ಬಸ್ಸು ಹಿಡಿದು ಏಳು ಮಂದಿ ವಿದ್ಯಾರ್ಥಿನಿಯರು ಬಂದಿದ್ದರು. ಎರಡು ಚೀಲಗಳಲ್ಲಿ ಹನ್ನೊಂದು ಡಬ್ಬಿಗಳು. ಯೇವಲಾದ ಹತ್ತಿರ ಒಂದು ಡಬ್ಬಿ ಉರುಳಿ ಡ್ರೈವರನ ಕಾಲ ಬಳಿ ಹೋಗಿತ್ತಂತೆ. ಲಗ್ನಕ್ಕೆ ಹೊರಟಿದ್ದೀರಾ ಎಂದು ಕಂಡಕ್ಟರ್ ಕೇಳಿದನಂತೆ. ಇದನ್ನು ಹೇಳಿದವಳು ಪ್ರಿಯಂವದಾ. ಚಾಂದವಡದ ಬ್ಯಾಂಕಿಗೆ ವರ್ಗವಾಗಿ ಬಂದ ಕನ್ನಡಿಗರ ಮಗಳು. ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಮರಾಠಿಯೇ ಬರುತ್ತಿತ್ತು.

"ಮುತ್ಯಾ, ಸಾರಿ. ಆಜಿಯ ಡಬ್ಬಿ ನಮ್ಮ ಕಡೇನೇ ರಾಹಿಲೆ ಹೋತೆ." ತಮ್ಮಲ್ಲೇ ಉಳಿದುಬಿಟ್ಟಿದ್ದವು ಎಂದಳು.

ವಿಶ್ವನಾಥಪ್ಪನವರು ಹೆಂಡತಿಯ ಕಡೆ ಕೈ ತೋರಿಸಿದರು. "ಎರಡು ತಿಂಗಳಿಂದ ಇದಕ್ಕs ಬೈಕೋತ ಕುಂತಿದ್ಲು. ಕಡೀಗೆ ಡಬ್ಬಿ ತರಿಸ್ಕೊಂಡೇ ಹೊಂಟಾಳ ನೋಡ್ರಿ."

ಒಳಗೆ ಅಡುಗೆಮನೆಯಲ್ಲಿ ಮೊಮ್ಮಗಳು ಮಂಜುಶ್ರೀ ತಾಯಿ ಸರೋಜಿನಿಯ ಬಳಿ ನಿಂತಿದ್ದಳು. ಅವಳೂ ಔರಂಗಾಬಾದಿನಲ್ಲಿ ಎಂ.ಎಸ್.ಡಬ್ಲ್ಯೂ. ಓದುವವಳು. ಗರ್ಭಕಂಠದ ಕ್ಯಾನ್ಸರ್ ಬಾರದಂತೆ ಹಾಕುವ ಎಚ್‌ಪಿವಿ ಲಸಿಕೆಯ ಎರಡು ಸೂಜಿ ಅವಳಿಗೆ ಆಗಿದ್ದವು. ಮೂರನೆಯದು ಮರುದಿನ, ಅಲ್ಲಿನ ಡಾಕ್ಟರರ ಬಳಿ. ಕರೆದುಕೊಂಡು ಹೋಗುತ್ತೇನೆಂದಿದ್ದ ಅಜ್ಜಿ ಪಡಸಾಲೆಯಲ್ಲಿ ಹಾರ ಹಾಕಿಕೊಂಡು ಕುಳಿತಿದ್ದರು.

"ಅದರ ಮಾತು ಬ್ಯಾಡ," ಎಂದರು ಸರೋಜಿನಿ, ದನಿ ತಗ್ಗಿಸಿ. "ರತ್ನಾಕರ ಅವರು ಹೊರಗೆ ಕುಂತಾರ. ಲಗ್ನ ಆಗದ ಹುಡುಗಿಗಿ ಅಂಥಾದ್ದು ಯಾಕ ಬೇಕಿತ್ತು ಅಂದ್ರ ನಾ ಏನು ಹೇಳ್ಲಿ? ಅತ್ತಿ ಇದ್ದಾಗ ಅವರ ಮಾತು ನಡೀತು. ಇನ್ನ ಸಾಕು."

ರತ್ನಾಕರ ಎಂದರೆ ಮಂಜುಶ್ರೀಗೆ ನೋಡಿದ್ದ ಬೀದರದ ವರನ ಸೋದರಮಾವ. ಮುಂದಿನ ತಿಂಗಳು ಹುಡುಗಿಯನ್ನು ನೋಡಲು ಬರಬೇಕಿದ್ದವರು ಇಂದು ಮಣ್ಣಿಗೆ ಬಂದಿದ್ದರು.

*

ಹಿಂದಿನ ವರ್ಷದ ಮಾತು. ಮಲ್ಲಮ್ಮನವರು ಔರಂಗಾಬಾದಿನ ವಿಶ್ವವಿದ್ಯಾಲಯದ ಹಿಂದಿನ ಗಲ್ಲಿಯಲ್ಲಿ ಹದಿನೆಂಟು ವರ್ಷಗಳಿಂದ ಹುಡುಗಿಯರಿಗೆ ಊಟದ ಡಬ್ಬಿ ಕಳಿಸುತ್ತಿದ್ದರು. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ವಿಶ್ವನಾಥಪ್ಪನವರು ಲೂನಾ ಗಾಡಿಯ ಮೇಲೆ ಮುಟ್ಟಿಸುತ್ತಿದ್ದರು. ಮಲ್ಲಮ್ಮನವರದು ಒಂದೇ ಕಟ್ಟುನಿಟ್ಟು: ಡಬ್ಬಿ ಖಾಲಿ ಬರಬಾರದು. ಏನಿಲ್ಲದಿದ್ದರೆ ಒಂದು ಚಮಚ ಸಕ್ಕರೆ.

ಮಂಜುಶ್ರೀ ಅಜ್ಜಿಯ ಜೊತೆಗಿದ್ದು ಓದುತ್ತಿದ್ದಳು. ಓದಿನ ಕೆಲಸಕ್ಕೆಂದು, ಈ ಲಸಿಕೆಯ ಬಗ್ಗೆ ವಿದ್ಯಾರ್ಥಿನಿಯರಿಗೆ ಎಷ್ಟು ಗೊತ್ತು, ಏನನ್ನಿಸುತ್ತದೆ ಎಂದು ಇಪ್ಪತ್ತು ಪ್ರಶ್ನೆಗಳ ಫಾರ್ಮು ಹಂಚಿದಳು. ಹೆಚ್ಚಿನವು ಖಾಲಿ ಬಂದವು. ಕೆಲವರು ಎಲ್ಲಕ್ಕೂ ಹೌದು ಎಂದು ಗೀಟು ಹಾಕಿದ್ದರು. ಅಜ್ಜಿ ಫಾರ್ಮನ್ನು ಓದಿಸಿ ಕೇಳಿ, ಒಂದೇ ಸಲ ಇಪ್ಪತ್ತು ರೊಟ್ಟಿ ಯಾರು ತಿಂತಾರ ಎಂದರು. ಮರುದಿನದಿಂದ ಪ್ರತಿ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಒಂದು ಚೀಟಿ, ದಿನಕ್ಕೊಂದೇ ಪ್ರಶ್ನೆ.

ಉತ್ತರಗಳು ಎಣ್ಣೆ ಹತ್ತಿಸಿಕೊಂಡು ಬಂದವು. ಕೇಳಿಲ್ಲ. ಕೇಳಿದ್ದೇನೆ, ಯಾತಕ್ಕೆಂದು ಗೊತ್ತಿಲ್ಲ. ಪೇಪರಿನಲ್ಲಿ ಏನೋ ಕೆಟ್ಟದಾಗಿ ಬಂದಿತ್ತಲ್ಲ? ಮನೆಯಲ್ಲಿ ಕೇಳಿದರೆ ಕೊಲ್ಲುತ್ತಾರೆ. ಬಹಳ ತುಟ್ಟಿ. ನಲವತ್ತೆರಡು ಮಂದಿಯಲ್ಲಿ ಹೆಸರು ಕೇಳಿದವರು ಒಂಬತ್ತು, ಹಾಕಿಸಿಕೊಂಡವರು ಒಬ್ಬರೂ ಇಲ್ಲ. ಚೀಟಿಗಳೆಲ್ಲ ಅಡುಗೆಯ ದೂರುಗಳೆಂದೇ ವಿಶ್ವನಾಥಪ್ಪನವರು ಬಹುದಿನ ತಿಳಿದಿದ್ದರು. ಒಮ್ಮೆ 'ಭೀತಿ ವಾಟತೆ' ಎಂಬ ಚೀಟಿ ಓದಿ, ಝುಣಕಕ್ಕೆ ಖಾರ ಕಡಿಮೆ ಮಾಡು, ಹುಡುಗಿ ಹೆದರಿದ್ದಾಳೆ ಎಂದು ಹೆಂಡತಿಗೆ ಬುದ್ಧಿ ಹೇಳಿದರು.

ಒಂದು ದಿನ ಮಲ್ಲಮ್ಮನವರು ಪ್ರಶ್ನೆಯ ಬದಲು ತಮ್ಮದೇ ಮಾತು ಬರೆಸಿದರು. ಆಳಂದದಲ್ಲಿ ನನ್ನ ಅಕ್ಕ ಮಲಕವ್ವ ಇದೇ ರೋಗದಿಂದ ಹೋದಳು. ನಲವತ್ತೊಂದು ವರ್ಷ. ರೋಗದ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಗ ಸೂಜಿ ಇರಲಿಲ್ಲ, ಈಗ ಇದೆ. ಡಾಕ್ಟರನ್ನು ಕೇಳಬೇಕೆನ್ನುವವರು ಭಾನುವಾರ ಬರ್ರಿ, ನಾನೂ ಬರ್ತೀನಿ.

ಆ ಭಾನುವಾರ ನಾಲ್ಕು ಮಂದಿ ಬಂದರು. ಮುಂದಿನ ವಾರ ಇನ್ನಷ್ಟು. ಡಿಸೆಂಬರಿನಲ್ಲಿ ಮೊಣಕಾಲು ಕೈಕೊಟ್ಟು ಮಲ್ಲಮ್ಮನವರು ನಾಶಿಕಕ್ಕೆ ಬಂದರು. ಯಾರಿಗೆ ಎಷ್ಟಾಯಿತು ಎನ್ನುವ ಲೆಕ್ಕ ಅವರಿಗೆ ಸಿಗಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಪಕ್ಕದ ಮರಾಠಿ ಮನೆಯವರು ಕಡಲೆಹಿಟ್ಟಿನ ಪಿಠಲೆ, ಭಾಕರಿ ತಂದಿಟ್ಟಿದ್ದರು. ನಮ್ಮಲ್ಲಿ ಸೂತಕವಿಲ್ಲ ಎಂದು ವಿಶ್ವನಾಥಪ್ಪನವರು ಸೊಸೆಗೂ ರೊಟ್ಟಿ ಬಡಿಯಲು ಹೇಳಿದರು. ಮಲ್ಲಮ್ಮನ ಮನೆಯಿಂದ ಹುಡುಗಿಯರು ಹಸಿದು ಹೋಗುವಂತಿರಲಿಲ್ಲ. ಸಂಜೆಯ ಬಸ್ಸಿಗೆ ಬುತ್ತಿಯೂ ಆಗಬೇಕಿತ್ತು.

ಬುತ್ತಿಗೆಂದು ತೊಳೆಯಲು ಸರೋಜಿನಿ ಒಂದು ಡಬ್ಬಿ ತೆರೆದರು. ಒಳಗೆ ಚೀಟಿ. ಮರಾಠಿಯಲ್ಲಿತ್ತು, ಮಂಜುಶ್ರೀ ಓದಿದಳು. "ತಿಸರಾ ಝಾಲಾ." ಮೂರನೆಯದೂ ಆಯಿತು. ಎರಡನೇ ಡಬ್ಬಿಯಲ್ಲಿ: ಆಯಿತು, ತೋಳು ನೋಯಿತು, ಊಟ ಬಿಡಲಿಲ್ಲ. ಮೂರನೆಯದರಲ್ಲಿ: ಅಮ್ಮ ಬೈದಳು, ಆಮೇಲೆ ತಂಗಿಯನ್ನೂ ಕರೆದುಕೊಂಡು ಬಂದಳು. ಒಂದರಲ್ಲಿ ಎರಡಾಗಿದೆ, ಮೂರನೆಯದು ಹೋಳಿಯ ನಂತರ ಎಂದಿತ್ತು.

ಊಟಕ್ಕೆ ಕುಳಿತ ಹುಡುಗಿಯರು ಒಂದೊಂದು ಚೀಟಿಗೂ ಇದು ನಿನ್ನದು, ಅದು ಅವಳದು ಎಂದು ನಗತೊಡಗಿದರು. ವಿಶ್ವನಾಥಪ್ಪನವರು ಇವುಗಳಲ್ಲಿ ಉಪ್ಪಿನ ದೂರು ಯಾವುದೆಂದು ಕೇಳಿದರು. ನಗು ಇನ್ನೂ ಏರಿತು. ಎದುರಿನ ಪಂಕ್ತಿಯಲ್ಲಿದ್ದ ರತ್ನಾಕರ ಇದೇನು ಸಮಾಚಾರ ಎಂದರು.

ಮಂಜುಶ್ರೀ ನೆಲ ನೋಡಿದಳು. ಸರೋಜಿನಿಯ ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು.

"ಕ್ಯಾನ್ಸರ್ ಬರಬಾರದಂತ ಹಾಕ್ಕೋಳೋ ಸೂಜಿರಿ," ಎಂದರು ಸರೋಜಿನಿ. "ನಮ್ಮ ಅತ್ತಿ ಇವರಿಗೆಲ್ಲ ಹಾಕಿಸ್ಯಾರ. ನಮ್ಮ ಹುಡುಗಿದು ನಾಳೆ ಮೂರನೇದು ಅದರಿ."

ರತ್ನಾಕರ ಹೌದೇನ್ರಿ ಎಂದರು. ಮತ್ತೊಂದು ರೊಟ್ಟಿ ಹಾಕಿಸಿಕೊಂಡರು.

ಬಸ್ಸಿನ ಹೊತ್ತಿಗೆ ಮಂಜುಶ್ರೀ, ಕೆಲವು ದಿನ ತಡವಾದರೂ ನಡೆಯುತ್ತದೆಂದು ಡಾಕ್ಟರೇ ಹೇಳಿದ್ದಾರೆ, ಮೂರು ದಿನ ಇದ್ದು ಹೋಗುತ್ತೇನೆ ಎಂದಳು.

"ಸೂಜಿಗಿ ನಡೀತದವ್ವ. ನಂಗ ನಡ್ಯಾಂಗಿಲ್ಲ. ನಾಳೆ ನನ್ನ ಮನಸ್ಸು ಹೆಂಗಿರ್ತದೋ." ಸರೋಜಿನಿ ಅತ್ತೆಯ ಒಂದು ಡಬ್ಬಿಗೆ ರೊಟ್ಟಿ, ಚಟ್ನಿ ತುಂಬಿ ಮುಚ್ಚಳ ಒತ್ತಿದರು. ಮಗಳ ಕೈಗೆ ಕೊಟ್ಟು, "ಖಾಲಿ ತರಬ್ಯಾಡ," ಎಂದರು.

ರಿಕ್ಷಾಗಳು ತಿರುವು ದಾಟುವವರೆಗೂ ಡಬ್ಬಿಗಳ ಸದ್ದು ಕೇಳಿಸುತ್ತಿತ್ತು. ವಿಶ್ವನಾಥಪ್ಪನವರು ಗೇಟಿನಲ್ಲಿ ನಿಂತು ಕೇಳಿದರು.

ರತ್ನಾಕರ ಬೀದರಕ್ಕೆ ಹೋಗಿ ಏನು ಹೇಳಿದರೋ ಗೊತ್ತಿಲ್ಲ. ಹನ್ನೊಂದನೆಯ ಡಬ್ಬಿಯ ವಿಷಯವೂ ಗೊತ್ತಿಲ್ಲ. ಅದರಲ್ಲಿ ಚೀಟಿ ಇರಲಿಲ್ಲ, ಒಂದು ಚಮಚ ಸಕ್ಕರೆ ಇತ್ತು. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ನಂಬರು ಅಳಿಸಿಹೋಗಿತ್ತು. ಬಂದ ಏಳು ಮಂದಿಯೂ ತಮ್ಮದಲ್ಲ ಎಂದರು. ಯಾರೋ ಹಾಸ್ಟೆಲಿನ ಬಾಗಿಲಲ್ಲಿ ಇಟ್ಟುಹೋಗಿದ್ದರಂತೆ. ಆ ಹುಡುಗಿ ಸೂಜಿ ಹಾಕಿಸಿಕೊಂಡಳೋ, ಹೆದರಿ ಬಿಟ್ಟಳೋ, ಯಾರಿಗೂ ಗೊತ್ತಿಲ್ಲ. ಸರೋಜಿನಿ ಆ ಡಬ್ಬಿಯನ್ನು ತೊಳೆಯಲಿಲ್ಲ. ಅದು ಸಕ್ಕರೆ ಸಮೇತ ಅಡುಗೆಮನೆಯ ಗೋಡೆಯ ಗೂಡಿನಲ್ಲಿದೆ.