ಮೈಕು ಮತ್ತೆ ಬಸ್ಸು ಹತ್ತಿದ್ದು

ಡಿಪೋದಲ್ಲಿ ಆ ಕಂಡಕ್ಟರನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೈಕು ಅಂತಲೇ. ಅವನು ಹಿಂದಿನ ಬಾಗಿಲಲ್ಲಿ ನಿಂತು "ಮಾರ್ಕೆಟ್!" ಎಂದು ಕೂಗಿದರೆ ಪಕ್ಕದ ಬಸ್ಸಿನವರೂ ಇಳಿಯಲು ಏಳುತ್ತಾರೆ ಎಂದು ಅವನ ಜೋಡಿ ಡ್ರೈವರ್ ತಮಾಷೆ ಮಾಡುತ್ತಿದ್ದ. ಕ್ಯಾನ್ಸರ್ ಬಂದದ್ದು ಆ ಗಂಟಲಿಗೇ. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕುತ್ತಿಗೆಯಲ್ಲೊಂದು ತೂತು ಮಾಡಿ ಮನೆಗೆ ಕಳಿಸಿದರು.

"ಇಷ್ಟು ವರ್ಷ ನನಗೆ ಬಾಯಿ ತೆಗೆಯೋಕೆ ಬಿಟ್ಟಿರಾ? ಈಗ ನನ್ನ ಸರದಿ," ಎಂದು ಹೆಂಡತಿ ನಗಿಸಲು ನೋಡುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿರುವುದು ಅವನಿಗೆ ಕೇಳಿಸುತ್ತಿತ್ತು. ಅಳುವಿನ ಸದ್ದು ಮುಚ್ಚಲು ಅವಳಿಗೆ ಬೇರೆ ದಾರಿ ಇರಲಿಲ್ಲ.

ಕೆಲವು ತಿಂಗಳಾದ ಮೇಲೆ ಆಸ್ಪತ್ರೆಯಲ್ಲಿ ಟಾರ್ಚಿನಂಥದ್ದೊಂದು ಯಂತ್ರ ಕೊಟ್ಟರು. ಅದನ್ನು ಕುತ್ತಿಗೆಗೆ ಒತ್ತಿಕೊಂಡು ತುಟಿ ಆಡಿಸಿದರೆ ಮಾತು ಗುಂಯ್‌ಗುಟ್ಟುತ್ತ ಹೊರಬೀಳುತ್ತಿತ್ತು.

"ಡಬ್ಬಿಯೊಳಗೆ ದುಂಬಿ ಹೊಕ್ಕ ಹಾಗಿದೆ," ಎಂದಳು ಹೆಂಡತಿ.

"ದುಂಬಿ ನಾಳೆ ಡಿಪೋಗೆ ಹೋಗುತ್ತೆ," ಎಂದ ಅವನು.

ಡಿಪೋ ಮ್ಯಾನೇಜರ್ ಒಳ್ಳೆಯವರೇ. "ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡೋ ರೂಮಿದೆಯಲ್ಲ, ಅಲ್ಲಿ ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳಪ್ಪ," ಎಂದರು.

"ನಾನೇನು ಛತ್ರಿನಾ ಸಾರ್, ಅಲ್ಲಿ ಇಡೋಕೆ?"

ಮ್ಯಾನೇಜರ್ ನಕ್ಕುಬಿಟ್ಟರು. ನಗು ಬಂದ ಮೇಲೆ ಬೇಡ ಎನ್ನುವುದು ಕಷ್ಟವಾಯಿತು. ಒಂದು ವಾರ ನೋಡೋಣ ಎಂದರು.

ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಕುತ್ತಿಗೆಯ ತೂತಿಗೆ ಧೂಳು ಹೋಗದಿರಲೆಂದು ತೆಳು ಬಟ್ಟೆಯ ಪಟ್ಟಿಯೊಂದನ್ನು ಹೊಲಿದು ಅವನ ಯೂನಿಫಾರಂ ಮೇಲಿಟ್ಟಳು.

ಮೊದಲ ದಿನವೇ ಎಡವಟ್ಟಾಯಿತು. ಅಭ್ಯಾಸಬಲದಿಂದ ಸೀಟಿಯನ್ನು ತುಟಿಗಿಟ್ಟು ಊದಿದ. ಉಸಿರು ಕುತ್ತಿಗೆಯಿಂದ ಹೋಯಿತು, ಸೀಟಿ ಸುಮ್ಮನಿತ್ತು. ಸರಿ, ಬಸ್ಸಿನ ಮೈಗೆ ಅಂಗೈ ಬಡಿದ. ಡ್ರೈವರ್ ಅರ್ಥ ಮಾಡಿಕೊಂಡ. ಆದರೆ ಟಿಕೆಟ್ ಕೊಡಲು ಒಂದು ಕೈ, ಯಂತ್ರ ಹಿಡಿಯಲು ಒಂದು ಕೈ, ಕಂಬಿ ಹಿಡಿಯಲು ಇನ್ನೊಂದು ಎಲ್ಲಿಂದ ತರುವುದು? ತಿರುವಿನಲ್ಲಿ ಬಸ್ಸು ವಾಲಿತು, ಯಂತ್ರ ಜಾರಿ ಸೀಟಿನ ಕೆಳಗೆ ಉರುಳಿತು. ಅವನು ಜನರ ಕಾಲುಗಳ ನಡುವೆ ತಡಕಾಡುತ್ತಿರುವಾಗ ಎರಡು ಸ್ಟಾಪು ದಾಟಿದವು.

ಆ ಬಸ್ಸಿನಲ್ಲಿ ದಿನಾ ಬರುವ ಟೆಲಿಫೋನ್ ಆಪರೇಟರ್ ಒಬ್ಬರಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮೈಕು ಕೂಗಿದ್ದು ಕೇಳಿಯೇ ಇಳಿಯುತ್ತಿದ್ದರು. ಅವತ್ತು ಅವರ ಸ್ಟಾಪೂ ದಾಟಿಹೋಯಿತು. ಯಂತ್ರ ಕೈಗೆ ಸಿಕ್ಕ ಮೇಲೆ ಮೈಕು ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಅವರ ಕೈ ಹಿಡಿದು ಇಳಿಸಿ, ರಸ್ತೆ ದಾಟಿಸಿದ. ಅವಮಾನದಿಂದ ಅವನ ಕಿವಿ ಬಿಸಿಯಾಗಿತ್ತು.

"ತಪ್ಪಾಯ್ತು ಮೇಡಂ. ನಾಳೆಯಿಂದ ಬೇರೆಯವರು ಬರ್ತಾರೆ."

"ಯಾಕ್ರೀ? ಮೊದಲು ನೀವು ಕೂಗ್ತಿದ್ರಿ, ಪೇಪರ್ ಮಾರೋನೂ ಕೂಗ್ತಿದ್ದ, ನಂಗೆ ಎರಡೂ ಒಂದೇ ಥರ ಕೇಳ್ತಿತ್ತು. ಈ ಗುಂಯ್ ಅನ್ನೋದು ನಿಮ್ಮೊಬ್ಬರದೇ. ಆ ಯಂತ್ರಾನ ಕೊರಳಿಗೆ ಕಟ್ಕೊಳ್ಳಿ, ನಾಳೆ ಸರಿಯಾಗಿ ಹೇಳಿ," ಎಂದು ಅವರು ಕೋಲು ಕುಟ್ಟುತ್ತ ಹೊರಟರು.

ಮಾರನೆಯ ದಿನ ಯಂತ್ರ ದಾರದಲ್ಲಿ ಅವನ ಕೊರಳಿಗೆ ನೇತಾಡುತ್ತಿತ್ತು. ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ ನಿಲ್ಲುವುದನ್ನು ಕಲಿತ. ಮೊದಲು ಸ್ಟಾಪಿನ ಹೆಸರು, ಆಮೇಲೆ ಟಿಕೆಟು. ಯಾರಾದರೂ ಅಯ್ಯೋ ಪಾಪ ಎಂಬಂತೆ ನೋಡಿದರೆ, "ಮೈಕ್ ಟೆಸ್ಟಿಂಗ್," ಎನ್ನುತ್ತಿದ್ದ. ವಾರ ಮುಗಿದಾಗ ಮ್ಯಾನೇಜರ್ ಏನೂ ಕೇಳಲಿಲ್ಲ, ಇವನೂ ನೆನಪಿಸಲಿಲ್ಲ.

ಮುಂದಿನ ವರ್ಷದ ತಪಾಸಣೆಯಲ್ಲಿ ಶ್ವಾಸಕೋಶದಲ್ಲೊಂದು ಚುಕ್ಕೆ ಕಂಡಿತು.

"ಮತ್ತೆ ಬಂದಿದೆ," ಎಂದರು ಡಾಕ್ಟರು. "ಪೂರ್ತಿ ವಾಸಿಯಾಗುತ್ತೆ ಅಂತ ಹೇಳಲಾರೆ. ಹತೋಟಿಯಲ್ಲಿಡೋಕೆ ನೋಡೋಣ. ಡ್ರಿಪ್‌ನಲ್ಲಿ ಔಷಧಿ ಹಾಕ್ತೀವಿ, ಸೋಮವಾರಗಳಂದು ಬನ್ನಿ."

ಮೈಕುಗೆ ಹೆದರಿಕೆಯಾಯಿತು. ಆದರೂ ಯಂತ್ರ ಎತ್ತಿಕೊಂಡ. "ಸೋಮವಾರ ಬಸ್ಸಲ್ಲಿ ಕಾಲಿಡೋಕೆ ಜಾಗ ಇರಲ್ಲ ಡಾಕ್ಟ್ರೇ. ಬೇರೆ ದಿನ ನೋಡಿ."

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಅವಳು ಮೂಗೊರೆಸಿಕೊಂಡು, "ಗುರುವಾರ ಕೊಡಿ," ಎಂದಳು. "ಇವರು ಮನೇಲಿ ಕೂತ್ರೆ ನಾನು ಕಾಯಿಲೆ ಬೀಳ್ತೀನಿ."

ಈಗ ಗುರುವಾರ ಆಸ್ಪತ್ರೆ. ಶುಕ್ರವಾರ, ಶನಿವಾರ ಹಾಸಿಗೆ, ವಾಕರಿಕೆ, ಬಾಯಿಗೆ ರುಚಿಯಿಲ್ಲದ ಊಟ. ಭಾನುವಾರ ಹೆಂಡತಿಯ ಜೊತೆ ಬೀದಿಯ ಕೊನೆಯವರೆಗೆ ನಡೆದು, ಕಾಲಿಗೆ ಬಲ ಬಂದಿದೆಯೇ ಎಂದು ನೋಡಿಕೊಳ್ಳುತ್ತಾನೆ. ಬಂದಿರದಿದ್ದರೆ ಡಿಪೋಗೆ ಹೇಳಿಕಳಿಸುತ್ತಾನೆ. ಅಂಥ ವಾರಗಳೂ ಇವೆ. ಆದರೆ ಹೆಚ್ಚಿನ ಸೋಮವಾರಗಳಂದು, ಹೊತ್ತು ಏರುವ ಮುಂಚೆ, ಅವನು ಹಿಂದಿನ ಬಾಗಿಲಲ್ಲಿ ನಿಂತಿರುತ್ತಾನೆ. ಮೆಟ್ಟಿಲ ಮೇಲೆ ಜೋತುಬಿದ್ದವರನ್ನು ಒಳಗೆ ಸರಿಯಿರಿ ಎಂದು ಗದರಿಸಿ, ಬಸ್ಸಿನ ಮೈಗೆ ಅಂಗೈ ಬಡಿಯುತ್ತಾನೆ. ಡ್ರೈವರ್ ಗೇರು ಹಾಕುತ್ತಾನೆ.