ಅನ್ನ ಉಂಡ ಮೊಲ

ದೋರನಹಳ್ಳಿಯ ಆಚೆ, ಕಾಲುವೆ ದಂಡೆಯ ಊರಿನಲ್ಲಿ ಮರಿಲಿಂಗಮ್ಮನ ಕೈ ಬಲು ದೊಡ್ಡದು. ಕಾಲುವೆ ನೀರು ಬರುವ ಮುಂಚೆ ಹಬ್ಬಕ್ಕಷ್ಟೇ ಅನ್ನ ಕಂಡ ಮನೆ ಅದು. ಈಗ ಗದ್ದೆಯ ಭತ್ತ ಪಡಸಾಲೆ ತುಂಬಿದೆ. ಬಂದವರಿಗೆ ಅನ್ನ, ಬೆಕ್ಕಿಗೂ ಅನ್ನ. ಹೀಗಿರುವಾಗ ಹಿತ್ತಲಿನ ಎರಡು ಹೆಣ್ಣು ಮೊಲಗಳಿಗೆ ಬರೀ ಹುಲ್ಲು ಹಾಕಲು ಅವಳಿಗೆ ಮನಸ್ಸಾದರೂ ಹೇಗೆ ಬಂದೀತು? ಬೆಳಿಗ್ಗೆ ಅನ್ನ, ಸಂಜೆ ನುಚ್ಚು. ಮೊಲಗಳು ಗುಂಡುಕಲ್ಲಿನಂತೆ ಕೂತಲ್ಲೇ ಕೂತವು. ನೋಡಿದವರು ಹೊಗಳಿದರು, ಮರಿಲಿಂಗಮ್ಮ ಉಬ್ಬಿದಳು.

ಆದರೆ ಮರಿ? ಒಂದೂ ಇಲ್ಲ. ಮಾಂಸಕ್ಕೆ ಮರಿ ಬೆಳೆಸಬೇಕೆಂದೇ ತಂದ ಮೊಲಗಳು. ಪಕ್ಕದ ಗೂಡಿನ ಗಂಡು ಮೊಲದ ಜೊತೆ ಎಷ್ಟು ಸಲ ಬಿಟ್ಟರೂ ಗಬ್ಬ ನಿಲ್ಲಲಿಲ್ಲ. ಪಂಚಮಿ ಮುಗಿಯುತ್ತಲೇ ಅವಳ ಗಂಡ ಅಂಬ್ರಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ.

"ದೀಪಾವಳಿ ತನಕ ನೋಡ್ತೀನಿ. ಆಮ್ಯಾಲ ಎರಡೂ ಗಡಿಗಿಗೆ ಹೋಗ್ತಾವ. ಗೊಡ್ಡ ಮೊಲ ಸಾಕಾಕ ನಾವೇನು ಸುರಪುರದ ದೊರಿಗೋಳೇನು?"

ಊರಿನ ಮಹಿಳಾ ಸಂಘದಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿ ಮೊಲ ತಂದವಳು ಮರಿಲಿಂಗಮ್ಮನೇ. ಮಕ್ಕಳಂತೆ ಸಾಕಿದವನ್ನು ಸಾರು ಮಾಡುವುದೇ? ಓಡಿಹೋಗಿ ಅದೇ ಸಂಘದ ಹಬೀಬಾಳನ್ನು ಕರೆತಂದಳು. ಮೊಲ ಸಾಕುವ ತರಬೇತಿ ಪಡೆದ ಹಬೀಬಾಳ ಗೂಡಿನಲ್ಲಿ ಯಾವಾಗಲೂ ಮರಿಗಳ ಸಂತೆ.

ಹಬೀಬಾ ಬಂದವಳೇ ಅಂಬ್ರಪ್ಪನನ್ನು ಕೇಳಿದಳು. "ಅಣ್ಣಾ, ಸಂತ್ಯಾಗ ಆಡು ತಗೊಳ್ಳಾಕ ಹೋದ್ರ ಹ್ಯಾಂಗ ನೋಡ್ತೀರಿ?"

"ಬೆನ್ನಿನ ಮ್ಯಾಗ ಕೈ ಒತ್ತಿ ನೋಡ್ತೀನಿ." ಆಡಿನ ಮಾತು ಬಂದರೆ ಅಂಬ್ರಪ್ಪನ ಕೈ ತಾನಾಗಿ ಮೀಸೆಗೆ ಹೋಗುತ್ತದೆ.

"ಹಂಗಾರ ಈ ಮೊಲದ ಬೆನ್ನು ನೋಡ್ರಿ."

ಅಂಬ್ರಪ್ಪ ಒತ್ತಿದ. "ಎಲುಬು ಕೈಗೇ ಹತ್ತವಲ್ದು! ಭಾಳ ಛಲೋ ಮೈ ಹಿಡದಾದ."

"ಅಲ್ಲೇ ತಪ್ಪಾಗ್ಯಾದ್ರಿ. ಕೊಯ್ಯೋ ಆಡಿನ ಲೆಕ್ಕ ಮರಿ ಹಾಕೋ ಮೊಲಕ್ಕ ಹಚ್ಚೀರಿ. ಒಳಗ ಬರೀ ಕೊಬ್ಬು ಕುಂತಾದ. ಕೊಬ್ಬಿದ ಮೊಲಕ್ಕ ಗಬ್ಬ ನಿಲ್ಲೂದು ಕಷ್ಟ. ಮೆಲ್ಲಕ ಕೈ ಸವರಿದ್ರ ಬೆನ್ನೆಲುಬು ಹತ್ತಬೇಕು, ಚುಚ್ಚಬಾರದು. ಚುಚ್ಚಿದ್ರ ಬಡವಾಗ್ಯಾದ, ಹತ್ತದಿದ್ರ ಕೊಬ್ಬ್ಯಾದ."

ಮರಿಲಿಂಗಮ್ಮನಿಗೆ ಸಿಟ್ಟೇ ಬಂತು. "ಬಾಯಿಲ್ಲದ ಪ್ರಾಣಿಗೆ ಅನ್ನ ಕೊಡಬ್ಯಾಡ ಅಂತೀಯೇನ ತಂಗಿ? ಪಾಪ ಹತ್ತಲ್ಲೇನು?"

"ಉಪಾಸ ಕೆಡವು ಅನ್ನಾಕತ್ತಿಲ್ಲ ಯಕ್ಕಾ. ಒಣಹುಲ್ಲು, ಚೊಕ್ಕ ನೀರು ಹಗಲು ರಾತ್ರಿ ಮುಂದಿರ್ಲಿ. ಅನ್ನ, ನುಚ್ಚು ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡಿ ನಿಲ್ಲಿಸು. ಕಾಲುವಿ ದಂಡಿ ಹುಲ್ಲು ಹಸಿ ಹಸಿ ಹಾಕಿದ್ರ ಹೊಟ್ಟಿ ಉಬ್ಬತಾದ. ನೆರಳಾಗ ತೆಳ್ಳಗ ಹರವಿ ಬಾಡಿಸಿ ಹಾಕು. ಹುಳ ಸಾಯೋ ಎಣ್ಣಿ ಹೊಡದ ಗದ್ದಿ ಬದುವಿನ ಹುಲ್ಲಂತೂ ತರಲೇಬ್ಯಾಡ."

ಆಮೇಲೆ ಒಂದು ಮೊಲದ ಕಿವಿ ಎತ್ತಿ ತೋರಿಸಿದಳು. ಒಳಗೆ ಹಕ್ಕಳೆ ಕಟ್ಟಿತ್ತು. "ಇದು ಕಜ್ಜಿ. ನಾಳಿನೇ ದನದ ದವಾಖಾನಿಗೆ ಒಯ್ಯಿ. ಮನಿ ಔಷಧ ಹಚ್ಚಕೋಂತ ಕೂಡಬ್ಯಾಡ."

ಔಷಧಿಗೆ ಕಿವಿ ಸ್ವಚ್ಛವಾಯಿತು. ಕೈ ಬಿಗಿ ಹಿಡಿಯುವುದು ಮಾತ್ರ ಮರಿಲಿಂಗಮ್ಮನಿಗೆ ಕಷ್ಟವಾಯಿತು. ಒಂದು ಸಂಜೆ ಸೆರಗಿನಲ್ಲಿ ಅನ್ನ ಮುಚ್ಚಿಕೊಂಡು ಹಿತ್ತಲಿಗೆ ಹೊರಟಾಗ ಅಂಬ್ರಪ್ಪನ ಕಣ್ಣಿಗೆ ಬಿದ್ದಳು.

"ಮೊಲ ಉಳೀಬೇಕೋ, ಗಡಿಗಿಗೆ ಹೋಗಬೇಕೋ? ನೀನೇ ಹೇಳು."

ಅವಳು ಅನ್ನವನ್ನು ಬೆಕ್ಕಿಗೆ ಸುರಿದಳು.

ಅಂದಿನಿಂದ ವಾರಕ್ಕೊಮ್ಮೆ ಅಂಬ್ರಪ್ಪನೇ ಬೆನ್ನು ಸವರಿ ನೋಡತೊಡಗಿದ. ಬರಬರುತ್ತ ಮೊಲಗಳು ಚುರುಕಾದವು, ಗೂಡಿನ ತುಂಬ ಓಡಾಡಿದವು. ಒಂದು ದಿನ ಅವನು ಕೂಗಿದ್ದು ಓಣಿಗೆಲ್ಲ ಕೇಳಿಸಿತು. "ಎಲುಬು ಹತ್ತಿತಲೇ!" ಆಗ ಅವನ್ನು ಗಂಡು ಮೊಲದ ಗೂಡಿಗೆ ಬಿಟ್ಟರು. ಈ ಸಲ ಗಬ್ಬ ನಿಂತಿತು. ದಿನ ತುಂಬುತ್ತ ಬಂದಾಗ ಎರಡಕ್ಕೂ ಹುಲ್ಲು ಹಾಸಿದ ಪೆಟ್ಟಿಗೆ ಇಟ್ಟರು. ಮೊಲಗಳು ತಮ್ಮ ಎದೆಯ ತುಪ್ಪಳ ಕಿತ್ತು ಹಾಸಿಗೆ ಮಾಡಿಕೊಂಡವು.

ದೀಪಾವಳಿ ಬೆಳಿಗ್ಗೆ ಮರಿಲಿಂಗಮ್ಮ ಮೆಲ್ಲಗೆ ಒಂದು ಪೆಟ್ಟಿಗೆಯ ತುಪ್ಪಳ ಸರಿಸಿದಳು. ಒಳಗೆ ಗುಲಾಬಿ ಬಣ್ಣದ ಮರಿಗಳು ಮಿಸುಕಾಡುತ್ತಿದ್ದವು! ಪಕ್ಕದ ಪೆಟ್ಟಿಗೆಯಲ್ಲೂ ಅಷ್ಟೇ!

"ಏ, ಬರ್ರಿ ಇಲ್ಲಿ! ನಮ್ಮ ಮೊಲ ಗೆದ್ದಾವ!" ಎಂದು ಅವಳು ಕೂಗಿದಳು. ಅಂಬ್ರಪ್ಪ ಮೈಗೆ ಹಚ್ಚಿದ ಎಣ್ಣೆಯಲ್ಲೇ ಓಡಿಬಂದ. ಮರಿಲಿಂಗಮ್ಮನಿಗೆ ನಗುವೂ ಬಂತು, ಕಣ್ಣೀರೂ ಬಂತು.

ಸುದ್ದಿ ಕೇಳಿ ಬಂದ ಹಬೀಬಾ ಬಾಗಿಲಲ್ಲೇ ಕೆಣಕಿದಳು. "ಅಣ್ಣಾ, ಆ ಗಡಿಗಿ ಎಲ್ಯಾದರಿ?"

"ಒಲಿ ಮ್ಯಾಲದ ತಂಗಿ. ಹುಗ್ಗಿ ಕುದ್ಯಾಕತ್ತಾದ. ಉಂಡೇ ಹೋಗು!"

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಮೊಲ ಸಾಕಿದ್ದರೆ ಈಗಲೇ ಗೂಡಿಗೆ ಹೋಗಿ. ಬೆನ್ನು ಸವರಿ, ಕಿವಿಯೊಳಗೆ ನೋಡಿ. ಮೇವು ಬಿಟ್ಟರೆ, ಭೇದಿಯಾದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಬೇಸಿಗೆಯಲ್ಲಿ ಗೂಡಿನ ಮೇಲೆ ಒದ್ದೆ ಗೋಣಿಚೀಲ ಹಾಕಿ, ಗಾಳಿ ಆಡಲು ಬಿಡಿ. ಅನ್ನವನ್ನು ಮನೆಗೆ ಬಂದವರಿಗೆ ಬಡಿಸಿ. ಮೊಲಕ್ಕೆ ನಿಮ್ಮ ಪ್ರೀತಿ ಒಣಹುಲ್ಲಿನಲ್ಲೇ ಮುಟ್ಟುತ್ತದೆ.